ಮತಗಟ್ಟೆಯಾಗುವ ಸಾಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಓಟು ಎಲ್ಲಿ ಹಾಕಬೇಕು ಎಂದು ಯಾರೂ ಕೇಳುವುದಿಲ್ಲ. ಅದು ಸಾಲಿಯಲ್ಲಿ. ಊರಲ್ಲಿ ಅದಕ್ಕಿಂತ ಚೆಂದದ ಕಟ್ಟಡಗಳು ಇರಬಹುದು: ಗುಡಿಯ ಮುಂದಿನ ಮಂಟಪ, ಮಠದ ದಾಸೋಹ ಭವನ, ಗೌಡರ ವಾಡೆ. ಆದರೂ ಮಸ್ಟರಿಂಗ್ ಕೇಂದ್ರದಿಂದ ಮತಯಂತ್ರ ಹೊತ್ತು ಹೊರಟ ಬಸ್ಸು ಸಂಜೆ ಬಂದು ನಿಲ್ಲುವುದು ಸರ್ಕಾರಿ ಸಾಲಿಯ ಗೇಟಿನ ಮುಂದೆ. ಆ ರಾತ್ರಿ ಮತಗಟ್ಟೆ ಸಿಬ್ಬಂದಿ ಮಲಗುವುದೂ ಮಕ್ಕಳ ಕೋಣೆಯಲ್ಲೇ.

ಬೆಂಚು, ಮೇಜು ಸಿಗುತ್ತವೆ ಎಂಬುದು ಇದಕ್ಕೆ ಒಂದು ಕಾರಣ. ಆದರೆ ಚುನಾವಣಾ ಆಯೋಗದ ಸೂಚನೆಗಳಲ್ಲಿ ಇನ್ನೊಂದು ಮಾತಿದೆ: ಧಾರ್ಮಿಕ ಸ್ಥಳಗಳಲ್ಲಿ, ಪೊಲೀಸ್ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ ಮತಗಟ್ಟೆ ಮಾಡಬಾರದು. ಅಮೆರಿಕದಲ್ಲಿ ಚರ್ಚುಗಳೂ ಮತಗಟ್ಟೆಗಳಾಗುತ್ತವೆ. ನಮ್ಮಲ್ಲಿ ಗುಡಿ ಆಗುವುದಿಲ್ಲ. ನನಗೆ ಕಾಣುವ ಅರ್ಥ ಇಷ್ಟು: ಓಟು ಹಾಕಲು ಬಂದವರು ಹೊಸ್ತಿಲಲ್ಲಿ ನಿಂತು, ಒಳಗೆ ಕಾಲಿಡಬಹುದೋ ಇಲ್ಲವೋ ಎಂದು ಅನುಮಾನಿಸುವಂತಾಗಬಾರದು.

ಆ ಅನುಮಾನ ಈ ಜಿಲ್ಲೆಯಲ್ಲಿ ಕಟ್ಟುಕಥೆಯಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸೊಂದು ಗುಡಿಯೊಳಗೆ ಹೋಯಿತೆಂದು ಶುದ್ಧೀಕರಣದ ಹೆಸರಿನಲ್ಲಿ ಹೆತ್ತವರಿಂದ 25 ಸಾವಿರ ರೂಪಾಯಿ ಕೇಳಲಾಯಿತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿಗೂ ಹೋಟೆಲಿಗೂ ದಲಿತರಿಗೆ ಪ್ರವೇಶವಿಲ್ಲ ಎಂಬುದರಿಂದ ಹುಟ್ಟಿದ ಜಗಳ 2014ರ ಆಗಸ್ಟ್‌ನಲ್ಲಿ ಗುಡಿಸಲುಗಳಿಗೆ ಬೆಂಕಿ ಹಚ್ಚುವಷ್ಟು ಬೆಳೆಯಿತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ ಆ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ವ್ಯಾಜ್ಯ ಮುಂದೆ ಹೈಕೋರ್ಟಿಗೆ ಹೋಯಿತು. ಎರಡೂ ಕಡೆ ಜಗಳ ಶುರುವಾದದ್ದು ಬಾಗಿಲಲ್ಲಿ. ಮಿಯಾಪುರದ ಆ ಗುಡಿಯ ಹೊಸ್ತಿಲು ಮತ್ತು ಮತಗಟ್ಟೆಯ ಹೊಸ್ತಿಲು ಒಂದೇ ನೆಲದ ಮೇಲಿವೆ. ದಾಟುವ ಕಾಲುಗಳೂ ಅವೇ.

ಈ ನೆಲದಲ್ಲಿ ಸಾರ್ವಜನಿಕವಾದ ಬಾಗಿಲು ಹಳೆಯ ಸಂಗತಿಯೂ ಅಲ್ಲ. ಕೊಪ್ಪಳ, ಯಲಬುರ್ಗಾಗಳು ನವಾಬ ಸಾಲಾರ್ ಜಂಗರ ಜಹಗೀರಾಗಿದ್ದವು. ಆ ಜಹಗೀರಿದ್ದದ್ದು ನಿಜಾಮರ ರಾಜ್ಯದಲ್ಲಿ. ಅಧಿಕಾರ ನಡೆಯುವ ಜಾಗಕ್ಕೆ ರೈತ ಹೋಗುತ್ತಿದ್ದದ್ದು ಕೈಮುಗಿದು ನಿಲ್ಲುವುದಕ್ಕೆ. 1948ರ ಸೆಪ್ಟೆಂಬರ್‌ನಲ್ಲಿ ಆ ಆಳ್ವಿಕೆ ಮುಗಿಯಿತು. ನಾಲ್ಕು ವರ್ಷ ತುಂಬುವುದರೊಳಗೆ ಮೊದಲ ಮಹಾಚುನಾವಣೆ ಬಂತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಅಕ್ಷರ ಬಾರದ ಜನ ಚಿಹ್ನೆ ನೋಡಿ ಮತಪತ್ರ ಹಾಕಿದರು. ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಪಕ್ಷೇತರರಾದ ಅಳವಂಡಿ ಶಿವಮೂರ್ತಿ ಸ್ವಾಮಿಗಳು. ಜಹಗೀರಿನ ಪ್ರಜೆಗಳು ಮತದಾರರಾಗಲು ಹಿಡಿದದ್ದು ಅಷ್ಟೇ ಕಾಲ. ಹೊಸ್ತಿಲಿನ ಭಯ ಹೋಗಲು ಅಷ್ಟು ಕಾಲ ಸಾಲಲಿಲ್ಲ.

ಓಟಿನ ದಿನ ಸಾಲಿಯ ಕೋಣೆಗೆ ಆಯೋಗ ಹಾಕುವ ಷರತ್ತುಗಳನ್ನು ಒಮ್ಮೆ ಓದಬೇಕು. ನೆಲಮಹಡಿಯಲ್ಲೇ ಇರಬೇಕು, ಗಾಲಿಕುರ್ಚಿಗೆ ರ‍್ಯಾಂಪ್ ಬೇಕು, ಕುಡಿಯುವ ನೀರು, ಶೌಚಾಲಯ, ಬೆಳಕು, ಪಾಳಿ ಹಚ್ಚಿದವರಿಗೆ ನೆರಳು ಬೇಕು. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದು. ಗೋಡೆಯ ಮೇಲೆ ರಾಜಕೀಯ ನಾಯಕರ ಫೋಟೊ ಕಾಣಬಾರದು, 100 ಮೀಟರ್ ಒಳಗೆ ಪ್ರಚಾರ ನಡೆಯಬಾರದು. 2024ರ ಮೇ 7ರಂದು ಕೊಪ್ಪಳ ಲೋಕಸಭಾ ಕ್ಷೇತ್ರ ಮತ ಹಾಕಿದ್ದು ಸುಡುಬಿಸಿಲಲ್ಲಿ. ನೆರಳು, ನೀರಿನ ಬೆಲೆ ಆ ದಿನ ಪಾಳಿಯಲ್ಲಿ ನಿಂತವರಿಗೆಲ್ಲ ಗೊತ್ತು. ಇದರಲ್ಲಿ ಯಾವುದೂ ಅತಿ ಅಲ್ಲ. ಒಬ್ಬ ಮನುಷ್ಯನ ಮರ್ಯಾದೆಗೆ ಕನಿಷ್ಠ ಬೇಕಾದದ್ದು ಇಷ್ಟು.

ಹಾಗಾದರೆ ಅದೇ ಕೋಣೆಯಲ್ಲಿ ದಿನವೂ ಕೂರುವ ಮಗುವಿಗೆ? ಚುನಾವಣೆ ಹತ್ತಿರ ಬಂದಾಗ ಕೆಟ್ಟ ನಲ್ಲಿ ರಿಪೇರಿಯಾಗುತ್ತದೆ, ಬಲ್ಬು ಉರಿಯುತ್ತದೆ, ಶೌಚಾಲಯದ ಬೀಗ ತೆರೆಯುತ್ತದೆ. ಯಂತ್ರ ತಿರುಗಿ ಹೋದ ಮೇಲೆ ಶಾಮಿಯಾನ ಹೋಗುತ್ತದೆ, ಕೆಲವು ಕಡೆ ನೀರೂ ಹೋಗುತ್ತದೆ. ಹದಿನೆಂಟು ತುಂಬಿದವನ ಒಂದು ದಿನದ ಬಾಯಾರಿಕೆ ಕಂಡ ವ್ಯವಸ್ಥೆಗೆ ಎಂಟು ವರ್ಷದವಳ ವರ್ಷಪೂರ್ತಿಯ ಬಾಯಾರಿಕೆ ಕಾಣದಿದ್ದರೆ, ಅದು ಗೌರವಿಸಿದ್ದು ಮನುಷ್ಯನನ್ನಲ್ಲ, ಅವನ ಮತವನ್ನು.

ಮತ ಹಾಕುವ ಕಟ್ಟಡವೂ ಮತದಾರನ ಮನಸ್ಸನ್ನು ತಟ್ಟಬಲ್ಲದು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ 2000ದ ಚುನಾವಣೆಯಲ್ಲಿ ಶಾಲೆಗಳಿಗಾಗಿ ಮಾರಾಟ ತೆರಿಗೆಯನ್ನು ಶೇ 5ರಿಂದ 5.6ಕ್ಕೆ ಏರಿಸುವ ಪ್ರಸ್ತಾವ ಜನಮತಕ್ಕೆ ಬಂದಿತ್ತು. ಶಾಲಾ ಕಟ್ಟಡದಲ್ಲಿ ಮತ ಹಾಕಿದವರು ಬೇರೆಡೆ ಹಾಕಿದವರಿಗಿಂತ ತುಸು ಹೆಚ್ಚು ಪ್ರಮಾಣದಲ್ಲಿ ಅದನ್ನು ಒಪ್ಪಿದ್ದರು ಎಂದು 2008ರಲ್ಲಿ ಸಂಶೋಧಕರು ತೋರಿಸಿದರು. ನಮ್ಮ ಮತಯಂತ್ರದಲ್ಲಿ ಸಾಲಿಗೆಂದು ಗುಂಡಿ ಇಲ್ಲ. ಪಾಳಿಯಲ್ಲಿ ನಿಂತಾಗ ಕಣ್ಣೆದುರು ಮಾತ್ರ ಅದೇ ಗೋಡೆ, ಅದೇ ಸೋರುವ ಮಾಳಿಗೆ ಇರುತ್ತವೆ. ಮಕ್ಕಳನ್ನು ದೊಡ್ಡೂರಿನ ಖಾಸಗಿ ಶಾಲೆಗೆ ಕಳಿಸುವವರೂ ಆ ದಿನ ಅದನ್ನು ನೋಡಲೇಬೇಕು. ನೋಡಿದ್ದನ್ನು ಮುಂದಿನ ಗ್ರಾಮಸಭೆಗೆ ಒಯ್ದರೆ ಆ ಪಾಳಿ ಸಾರ್ಥಕ. ಆಯೋಗದ ಪಟ್ಟಿಯನ್ನೇ ಸಾಲಿಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿ, ಇದರಲ್ಲಿ ಎಷ್ಟು ಉಳಿದಿದೆ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಒಂದು ದಿನದ ಸಮಾನತೆ ಬರೀ ತೋರಿಕೆ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮತಗಟ್ಟೆಯಲ್ಲಿ ಗೌಡರೂ ಕೂಲಿಯವರೂ ಒಂದೇ ಬಾಗಿಲಿನಿಂದ ಒಳಗೆ ಹೋಗಿ ಒಂದೇ ಶಾಯಿ ಹಚ್ಚಿಸಿಕೊಂಡು ಹೊರಬರುತ್ತಾರೆ, ಊರು ಮುಳುಗುವುದಿಲ್ಲ. ಬಿಸಿಯೂಟದ ಅಕ್ಕಂದಿರು ಬೇಯಿಸಿದ್ದನ್ನು ಸಿಬ್ಬಂದಿ ಜಾತಿ ಕೇಳದೆ ಉಣ್ಣುತ್ತಾರೆ. ಯಾರ ಹೊಟ್ಟೆಯೂ ಕೆಡುವುದಿಲ್ಲ. ಆಗದು ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು ಆಗುತ್ತದೆ ಎಂಬುದಕ್ಕೆ ಇಡೀ ಊರೇ ಸಾಕ್ಷಿ.

ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿಯ ಹೆಸರಿನಲ್ಲಿ ಯಾರನ್ನೂ ತಡೆಯಬಾರದೆಂದು 15ನೇ ವಿಧಿ ಹೇಳಿತು. ಮೊದಲನೆಯದನ್ನು ಕಾಯಲು ಐದು ವರ್ಷಕ್ಕೊಮ್ಮೆ ಪೊಲೀಸರು, ಅಧಿಕಾರಿಗಳು, ವೀಕ್ಷಕರು ಬರುತ್ತಾರೆ. ಎರಡನೆಯದಕ್ಕೆ ಪ್ರಿಸೈಡಿಂಗ್ ಅಧಿಕಾರಿ ಯಾರೂ ಇಲ್ಲ. ಆ ಡ್ಯೂಟಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಪ್ರತಿಯೊಬ್ಬರದು.