ಮನಸ್ಸಿನ ಏರಿಳಿತ ಮತ್ತು ನಮ್ಮ ತೀರ್ಪು

ಸಂತೋಷ ಬಂದಾಗ ಹಿಗ್ಗುವುದು, ದುಃಖ ಬಂದಾಗ ಕುಗ್ಗುವುದು ಮಾನವ ಸಹಜ. ಆದರೆ ಬೈಪೋಲಾರ್ ಎಂಬ ಮನೋರೋಗದಲ್ಲಿ ಈ ಏರಿಳಿತ ಮಿತಿ ಮೀರುತ್ತದೆ. ಕೆಲವು ಕಾಲ ನಿದ್ದೆಯೇ ಬೇಡವೆನಿಸುವ ಉಬ್ಬರ, ಮತ್ತೆ ಕೆಲವು ಕಾಲ ಹಾಸಿಗೆಯಿಂದ ಏಳಲಾಗದ ಕುಸಿತ. ಉಬ್ಬರದಲ್ಲಿ "ನಾನು ವಿಶೇಷವಾಗಿ ಆರಿಸಲ್ಪಟ್ಟವನು" ಎಂದವನೇ ಕುಸಿತದಲ್ಲಿ "ನನ್ನಂಥ ಪಾಪಿಗೆ ಕ್ಷಮೆಯಿಲ್ಲ" ಎನ್ನುತ್ತಾನೆ. ಮೊದಲನೆಯದು ಅಹಂಕಾರವೇ? ಎರಡನೆಯದು ಅಲ್ಲಾಹನ ಕಾರುಣ್ಯದ ನಿರಾಕರಣೆಯೇ?

ತೀರ್ಪು ನೀಡುವ ಮುನ್ನ ರೋಗದ ರೀತಿಯನ್ನು ಅರಿಯಬೇಕು. ಇಲ್ಲಿ ಮನಃಸ್ಥಿತಿಯೂ ನಂಬಿಕೆಯೂ ಒಂದನ್ನೊಂದು ಬೆಳೆಸುತ್ತವೆ. ಉಕ್ಕುವ ಹುರುಪನ್ನು ತನ್ನ ಶ್ರೇಷ್ಠತೆಯ ಪುರಾವೆಯೆಂದು ನಂಬಿದವನು ನಿದ್ದೆ ಬಿಟ್ಟು ಮತ್ತಷ್ಟು ಕೆಲಸಗಳಿಗೆ ಕೈಹಾಕುತ್ತಾನೆ. ನಿದ್ದೆಗೇಡು ಹುರುಪನ್ನು ಇನ್ನೂ ಏರಿಸುತ್ತದೆ. ದಣಿವನ್ನು ತನ್ನ ಅಯೋಗ್ಯತೆಯ ಸಾಕ್ಷಿಯೆಂದು ನಂಬಿದವನು ಜನರಿಂದ ದೂರ ಸರಿಯುತ್ತಾನೆ. ಒಂಟಿತನ ಕುಸಿತವನ್ನು ಆಳವಾಗಿಸುತ್ತದೆ.

ಇಂಥ ಹೊತ್ತಿನಲ್ಲಿ ನಾವೇನು ಮಾಡುತ್ತೇವೆ? ಉಬ್ಬರದಲ್ಲಿ ಅವನು ರಾತ್ರಿಯಿಡೀ ಎಚ್ಚರವಿದ್ದು ಆರಾಧಿಸಿದರೆ, ಇದ್ದುದನ್ನೆಲ್ಲ ದಾನ ಮಾಡಿದರೆ ಹೊಗಳುತ್ತೇವೆ. ಕುಸಿತದಲ್ಲಿ "ನಿನ್ನ ಈಮಾನ್ ದುರ್ಬಲ" ಎಂದು ಗದರುತ್ತೇವೆ. ಎರಡೂ ಸಲ ರೋಗದ ಸುಳ್ಳಿಗೆ ನಾವೇ ಎರಡನೆಯ ಸಾಕ್ಷಿಯಾಗುತ್ತೇವೆ!

ಕ್ರಿ.ಶ. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ದುಃಖವನ್ನು ಕಾರಣ ತಿಳಿದದ್ದು, ತಿಳಿಯದ್ದು ಎಂದು ವಿಂಗಡಿಸಿದರು. ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದರು. ಮನೆಯಲ್ಲಿ ಔಷಧಿ ಕೂಡಿಡುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ವಿಚಾರಗಳನ್ನು ಕೂಡಿಡಬೇಕೆಂಬುದು ಅವರ ಉಪದೇಶ. ಬೈಪೋಲಾರ್ ಎಂಬ ಹೆಸರು ಆಗ ಇರಲಿಲ್ಲ. ಆದರೆ ಈ ಉಪದೇಶ ಇಲ್ಲಿಗೂ ಒಪ್ಪುತ್ತದೆ.

ಬುದ್ಧಿ ಸ್ವಾಧೀನದಲ್ಲಿಲ್ಲದವನ ಮೇಲೆ ಹೊಣೆಯಿಲ್ಲ ಎನ್ನುವ ಕರ್ಮಶಾಸ್ತ್ರ ಪಂಡಿತರು, ಬಂದು ಹೋಗುವ ಚಿತ್ತವಿಕಾರದಲ್ಲಿ ನಡುವಿನ ಸ್ವಸ್ಥ ಕಾಲದ ಹೊಣೆಯನ್ನು ಉಳಿಸಿದ್ದಾರೆ. ಆದ್ದರಿಂದ ರೋಗಿ ಕುಸಿತದಲ್ಲಿ ಆಡಿದ ಮಾತಿಗಾಗಿ ಅವನನ್ನು ವಿಚಾರಣೆಗೆ ನಿಲ್ಲಿಸುವುದು ನ್ಯಾಯವಲ್ಲ. ಸ್ವಸ್ಥ ಕಾಲದಲ್ಲಿ ಮಾಡಬೇಕಾದ ಸಿದ್ಧತೆಯೇ ಅವನ ಹೊಣೆ. ಅದು ನಮ್ಮ ಹೊಣೆಯೂ ಹೌದು.

ಆ ಸಿದ್ಧತೆ ಯಾವುದು? ಗುಣವಾಯಿತೆಂದು ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸದಿರುವುದು. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ವರದಿ ಮಾಡಿದ ಲಿಥಿಯಂ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ. ನಿದ್ದೆ ಕಡಿಮೆಯಾದರೆ ಯಾರಿಗೆ ತಿಳಿಸಬೇಕು, ಆಗ ಹಣ ಯಾರ ಕೈಯಲ್ಲಿರಬೇಕು ಎಂದು ಮೊದಲೇ ಬರೆದಿಡುವುದು. ಚಿಕಿತ್ಸೆಯ ಬಗ್ಗೆ ಇಂಥ ಮುಂಗಡ ನಿರ್ದೇಶನ ಬರೆಯುವ ಹಕ್ಕನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ನೀಡಿದೆ.

ಕುಸಿದ ಸಹೋದರ "ನನಗೆ ಕ್ಷಮೆಯಿಲ್ಲ" ಎಂದಾಗ ವಾದಕ್ಕಿಳಿಯಬೇಡಿ. ಪಕ್ಕದಲ್ಲಿ ಕುಳಿತು, ಸ್ವಸ್ಥನಾಗಿದ್ದಾಗ ಅವನೇ ಹೇಳಿದ್ದನ್ನು ಮೆಲ್ಲನೆ ನೆನಪಿಸಿ, ವೈದ್ಯರ ಬಳಿಗೆ ಜೊತೆಯಾಗಿ ಹೋಗಿ. ಅವನು ತನ್ನ ಪರವಾಗಿ ನುಡಿಯಲಾಗದ ಹೊತ್ತಿನಲ್ಲಿ ಅವನ ಪರವಾಗಿ ನುಡಿಯುವ ಸಾಕ್ಷಿ ನೀವಾಗಿರಿ.