ಒಂದೇ ತಪ್ಪು, ಎರಡು ಮಾತು

ಒಂದೇ ತಪ್ಪಿಗೆ ಒಬ್ಬ ಹುಡುಗನನ್ನು ಗದರಿಸಿ ಇನ್ನೊಬ್ಬನ ಬೆನ್ನು ತಟ್ಟುವ ಕೋಚ್ ಪಕ್ಷಪಾತಿಯೇ? ಬೇಸಿಗೆ ಬಂತೆಂದರೆ ನಮ್ಮ ಕೂಟದ ಎಷ್ಟೋ ಮನೆಗಳಲ್ಲಿ ಈ ದೂರು ಏಳುತ್ತದೆ. "ನಮ್ಮ ಮಗನಿಗೆ ಮಾತ್ರ ಬೈತಾರೆ ಡಾಕ್ಟ್ರೇ" ಎಂದು ಪಿಕ್‌ನಿಕ್ಕಿನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದುಕೊಂಡೇ ನನ್ನಲ್ಲಿ ಹೇಳಿಕೊಂಡವರಿದ್ದಾರೆ. (ಡಾಕ್ಟರಿಗೆ ಬೇಸ್‌ಬಾಲೂ ಗೊತ್ತಿರಬೇಕೆಂದು ಜನ ಯಾಕೆ ತಿಳಿಯುತ್ತಾರೋ!) ಸಮಾನವಾಗಿ ಕಾಣುವುದೆಂದರೆ ಎಲ್ಲರಿಗೂ ಒಂದೇ ಮಾತನ್ನು ಒಂದೇ ಧ್ವನಿಯಲ್ಲಿ ಹೇಳುವುದೇ?

1977ರ ಜೂನ್ 18ರಂದು ಬಾಸ್ಟನ್ನಿನ ಫೆನ್ವೇ ಪಾರ್ಕಿನಲ್ಲಿ ನಡೆದದ್ದು ಬೇಸ್‌ಬಾಲ್ ಪ್ರಿಯರಿಗೆ ಗೊತ್ತಿರುವುದೇ. ಜಿಮ್ ರೈಸ್ ಹೊಡೆದ ಚೆಂಡಿಗಾಗಿ ರೆಜಿ ಜಾಕ್ಸನ್ ಮನಸ್ಸಿಟ್ಟು ಓಡಲಿಲ್ಲವೆಂದು ಯಾಂಕೀಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್‌ಗೆ ಅನ್ನಿಸಿತು. ಇನ್ನಿಂಗ್ ಮುಗಿಯುವವರೆಗೂ ಕಾಯದೆ ಪಾಲ್ ಬ್ಲೇರ್‌ನನ್ನು ಕಳಿಸಿ ಜಾಕ್ಸನ್‌ನನ್ನು ಹೊರಕ್ಕೆ ಕರೆಸಿದರು. ಡಗ್‌ಔಟಿನಲ್ಲಿ ಇಬ್ಬರೂ ಹೊಡೆದಾಡುವ ಮಟ್ಟಕ್ಕೆ ಬಂದಾಗ ಕೋಚ್‌ಗಳಾದ ಎಲ್ಸ್ಟನ್ ಹೋವರ್ಡ್, ಯೋಗಿ ಬೆರಾ ತಡೆಯಬೇಕಾಯಿತು. ಇಷ್ಟೂ ದೇಶದ ಜನ ಟಿವಿಯಲ್ಲಿ ನೋಡುತ್ತಿರುವಾಗ!

ಓಡದವನನ್ನು ಕೂರಿಸುವುದು ನ್ಯಾಯವೇ. ಆದರೆ ಅಷ್ಟೊಂದು ಸ್ವಾಭಿಮಾನದ ಆಟಗಾರನಿಗೆ ಅದನ್ನು ಸಂತೆಯಲ್ಲಿ ಹೇಳಬೇಕಿತ್ತೇ? ಅದೇ ವರ್ಷ ತಂಡ ವರ್ಲ್ಡ್ ಸೀರೀಸ್ ಗೆದ್ದಿತಲ್ಲ, ಕೊನೆಯ ಪಂದ್ಯದಲ್ಲಿ ಜಾಕ್ಸನ್ ಮೂರು ಹೋಮ್ ರನ್ ಹೊಡೆದನಲ್ಲ, ಬೈದದ್ದೇ ಒಳ್ಳೆಯದಾಯಿತು ಎನ್ನಬಹುದು. ಮರುವರ್ಷ ಜುಲೈನಲ್ಲಿ ಮಾರ್ಟಿನ್ ರಾಜೀನಾಮೆ ಕೊಟ್ಟರು. ಶಾಂತ ಸ್ವಭಾವದ ಬಾಬ್ ಲೆಮನ್ ಬಂದರು. ಒಂದು ಹಂತದಲ್ಲಿ ಬಾಸ್ಟನ್ನಿಗಿಂತ 14 ಪಂದ್ಯ ಹಿಂದಿದ್ದ ತಂಡ ಆಗಲೂ ಗೆದ್ದಿತು. ಗಾಯಾಳುಗಳು ಚೇತರಿಸಿಕೊಂಡಿದ್ದರು, ನ್ಯೂಯಾರ್ಕಿನ ಪತ್ರಿಕೆಗಳು ಮುಷ್ಕರದಿಂದ ಮುಚ್ಚಿದ್ದವು (ಚಾಡಿ ಹೇಳುವವರೇ ಇರಲಿಲ್ಲ!). ಹಾಗಾಗಿ ಮಾತಿನ ನ್ಯಾಯಾನ್ಯಾಯಕ್ಕೆ ಗೆಲುವನ್ನು ಸಾಕ್ಷಿಯಾಗಿ ಕರೆಯಲು ಬರುವುದಿಲ್ಲ.

ನನ್ನ ಕಸುಬಿನಲ್ಲಿ ಇದು ದಿನನಿತ್ಯದ ಸಮಸ್ಯೆ. ಇಬ್ಬರಿಗೂ ಅಷ್ಟೇ ಸಕ್ಕರೆ ಕಾಯಿಲೆ. ಒಬ್ಬರು ನಿವೃತ್ತ ಇಂಜಿನಿಯರು; ಅವರಿಗೆ ಅಂಕಿಅಂಶ, ಗ್ರಾಫು ಬೇಕು. ಇನ್ನೊಬ್ಬರು ಮಗಳ ಬಾಣಂತನಕ್ಕೆ ಬಂದ ತಾಯಿ; ಅವರನ್ನು "ಮುದ್ದೆ ಎಷ್ಟು ದೊಡ್ಡದು ಕಟ್ತೀರಮ್ಮಾ?" ಎಂದೇ ಕೇಳಬೇಕು. ಮಾತು ಬೇರೆ, ಆದರೆ ಮಾತ್ರೆಯ ಪ್ರಮಾಣವನ್ನು ತೀರ್ಮಾನಿಸುವುದು ಅವರ ರಕ್ತ ಮತ್ತು ಮೂತ್ರಪಿಂಡವೇ ಹೊರತು ಅವರ ಸ್ವಭಾವವಲ್ಲ. ಇಬ್ಬರೂ ಹೊರಗಿನ ಬೆಂಚಿನಲ್ಲಿ ಕುಳಿತು ನಾನು ಹೇಳಿದ್ದನ್ನು ಹೋಲಿಸಿ ನೋಡಿದರೆ "ಡಾಕ್ಟರು ನನಗೆ ನಿಜ ಮುಚ್ಚಿಟ್ಟರು" ಎಂದು ಯಾರಿಗೂ ಅನ್ನಿಸಬಾರದು. ಕೋಚ್‌ಗೂ ಇದೇ ಪರೀಕ್ಷೆ ಸಾಕೆಂದು ನನ್ನ ಅಭಿಪ್ರಾಯ. ಅಳುಬುರುಕ ಹುಡುಗನಿಗೆ ಮೆತ್ತಗೆ ಹೇಳಲಿ, ಆದರೆ ನಿನ್ನ ಎಸೆತ ಸರಿಯಿದೆ ಎಂದು ಸುಳ್ಳು ಹೇಳಬಾರದು. ಅದು ಕರುಣೆಯಲ್ಲ, ಆ ಹುಡುಗನ ಮೇಲೆ ಭರವಸೆ ಬಿಟ್ಟದ್ದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಒಬ್ಬೊಬ್ಬನನ್ನೂ ಅರಿತು ಮಾತಾಡಲು ಹೊತ್ತು ಬೇಕು, ಆ ಹೊತ್ತೆಲ್ಲ ತಂಡದ ಹೀರೋಗೂ ತಂಟೆಕೋರನಿಗೂ ಹೋಗುತ್ತದೆ. ಪ್ರತಿ ಮಗುವನ್ನೂ ಆಡಿಸಲೇಬೇಕೆಂದು ಲಿಟಲ್ ಲೀಗಿನಲ್ಲಿ ನಿಯಮವಿದೆ. ಪ್ರತಿ ಮಗುವಿನೊಡನೆ ಮಾತಾಡಲೇಬೇಕೆಂಬ ನಿಯಮವಿಲ್ಲ. ನಮ್ಮ ಪಾಲಕರು ದೂರುವುದು ಮಗನಿಗೆ ಬೈದಾಗ. ನನಗೆ ಕಾಡುವುದು ಮಾತ್ರ ರೈಟ್ ಫೀಲ್ಡಿನಲ್ಲಿ ಕೈಗವಸು ತಿರುಗಿಸುತ್ತಾ ನಿಂತ ಹುಡುಗ. ತಪ್ಪನ್ನೂ ಮಾಡದ, ಮಿಂಚನ್ನೂ ಹರಿಸದ ಅವನಿಗೆ ಇಡೀ ಸೀಸನ್ನಿನಲ್ಲಿ ಬೈಗುಳವೂ ಸಿಕ್ಕಿರುವುದಿಲ್ಲ.