ನಿಯಮವು ಮೌನವಾಗಿರುವಲ್ಲಿ

ಅಮೆರಿಕದ ಬೇಸ್‌ಬಾಲ್ ಆಟವು ನಮ್ಮವರಿಗೆ ಪರಿಚಿತವಾದ ಕ್ರಿಕೆಟ್ಟಿನ ದಾಯಾದಿ. ಅದರ ಅಧಿಕೃತ ನಿಯಮಾವಳಿಯು ಚೆಂಡಿನ ತೂಕ, ದಾಂಡಿನ ಉದ್ದಗಳಿಂದ ಮೊದಲ್ಗೊಂಡು ಅತಿ ಸೂಕ್ಷ್ಮವಾದ ಸಂಗತಿಗಳನ್ನೂ ವಿಧಿಸುತ್ತದೆ. ಆದರೂ ಅದರ ಎಂಟನೆಯ ಅಧ್ಯಾಯದಲ್ಲಿ, ನಿಯಮಗಳು ನಿರ್ದಿಷ್ಟವಾಗಿ ಹೇಳದಿರುವ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರವನ್ನು ಪ್ರತಿಯೊಬ್ಬ ಅಂಪೈರರಿಗೂ ನೀಡುವ ಚಿಕ್ಕದೊಂದು ವಾಕ್ಯವುಂಟು. ಬರೆದವರು ತಮ್ಮ ಜ್ಞಾನವು ಪರಿಮಿತವೆಂದು ಒಪ್ಪಿಕೊಂಡ ವಾಕ್ಯವದು. ಛದ್ಮಸ್ಥರ ಅರಿವು ಎಂದಿಗೂ ಅಪೂರ್ಣವೆಂದು ತಿಳಿದ ಜೈನರಿಗೆ ಇದು ಹೊಸದೆನಿಸದು.

2001ರ ಮಾರ್ಚ್ 24ರಂದು ಅರಿಜೋನಾದ ಟ್ಯೂಸಾನ್ ನಗರದ ಅಭ್ಯಾಸ ಪಂದ್ಯವೊಂದರಲ್ಲಿ ರಾಂಡಿ ಜಾನ್ಸನ್ ಎಂಬ ಅತಿವೇಗದ ಎಸೆತಗಾರನ ಚೆಂಡು, ದಾಂಡಿಗನನ್ನು ತಲುಪುವ ಮೊದಲೇ, ಅಡ್ಡ ಹಾರಿಬಂದ ಪಾರಿವಾಳದ ಜಾತಿಯ ಹಕ್ಕಿಗೆ ಬಡಿಯಿತು. ಹಕ್ಕಿ ಗತಪ್ರಾಣವಾಯಿತು. ಅಂಪೈರರು ಆ ಎಸೆತವನ್ನು ಎಸೆಯಲೇ ಇಲ್ಲವೆಂಬಂತೆ ಪರಿಗಣಿಸಿದರು. ಎಸೆತಗಾರನಿಗೆ ನಷ್ಟವಿಲ್ಲ, ದಾಂಡಿಗನಿಗೆ ಲಾಭವಿಲ್ಲ. ಇಬ್ಬರ ಲೆಕ್ಕವೂ ಹಿಂದಿನ ಶಿಲ್ಕಿನಲ್ಲಿಯೇ ನಿಂತಿತು. ಯಾರ ಕೌಶಲವೂ ಯಾರ ದೋಷವೂ ಅಲ್ಲದುದರಿಂದ ಯಾರಿಗೂ ಏನೂ ಸಲ್ಲಕೂಡದೆಂಬ ವಿವೇಕವಿದು. ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಯೋಗವನ್ನು ಮುಂದಿಟ್ಟ ತತ್ತ್ವಾರ್ಥಸೂತ್ರದ ವಿವೇಚನೆ ಇಲ್ಲಿ ನೆನಪಾಗುವುದು ಸಹಜ. (ಹೋದ ಜೀವದ ಲೆಕ್ಕ ಮಾತ್ರ ಯಾವ ಆಟದ ಪುಸ್ತಕಕ್ಕೂ ಏರುವುದಿಲ್ಲ.)

ಎಲ್ಲ ಪ್ರಸಂಗಗಳೂ ಇಷ್ಟು ಸರಳವಲ್ಲ. 2008ರ ಜೂನ್‌ನಲ್ಲಿ ನ್ಯೂಯಾರ್ಕಿನ ಕೆಳದರ್ಜೆಯ ಪಂದ್ಯವೊಂದರಲ್ಲಿ, ಎರಡೂ ಕೈಗಳಿಂದ ಎಸೆಯಬಲ್ಲ ಪ್ಯಾಟ್ ವೆಂಡಿಟ್‌ಗೆ ಎರಡೂ ಮಗ್ಗುಲಲ್ಲಿ ನಿಂತು ಹೊಡೆಯಬಲ್ಲ ದಾಂಡಿಗನು ಎದುರಾದನು. ಬಲಗೈ ಎಸೆತಕ್ಕೆ ಎಡಗೈ ದಾಂಡಿಗನಿಗೆ ಅನುಕೂಲ ಹೆಚ್ಚು. ಎಡಗೈ ಎಸೆತಕ್ಕೆ ಬಲಗೈಯವನಿಗೆ. ಆದ್ದರಿಂದ ಒಬ್ಬನು ಕೈ ಬದಲಿಸಿದೊಡನೆ ಇನ್ನೊಬ್ಬನು ಮಗ್ಗುಲು ಬದಲಿಸಿದನು, ಆಟ ನಿಂತುಹೋಯಿತು. ಅಂಪೈರರು ಸಮಾಲೋಚಿಸಿ, ದಾಂಡಿಗನೇ ಮೊದಲು ನಿರ್ಧರಿಸಬೇಕೆಂದರು. ಅನತಿಕಾಲದಲ್ಲಿಯೇ ರಚಿತವಾದ ನಿಯಮವು ಇದಕ್ಕೆ ತದ್ವಿರುದ್ಧ: ಎಸೆತಗಾರನೇ ಮೊದಲು ತನ್ನ ಕೈಯನ್ನು ಸೂಚಿಸತಕ್ಕದ್ದು. ಹಾಗಾದರೆ ಅಂಪೈರರು ಅನ್ಯಾಯವೆಸಗಿದರೇ? ಹಾಗೆನ್ನಲಾಗದು. ಯಾರಾದರೊಬ್ಬರು ಮೊದಲು ನಿರ್ಧರಿಸದೆ ಆಟ ಸಾಗದು. ಯಾರೆಂಬುದಕ್ಕೆ ಅಂದು ಲಿಖಿತ ಆಧಾರವಿರಲಿಲ್ಲ. ತೀರ್ಪು ಕೊಡದಿರುವುದೇ ಅಲ್ಲಿ ದೊಡ್ಡ ದೋಷವಾಗುತ್ತಿತ್ತು.

ನಿಯಮವಿದ್ದೂ ಅದರ ಮಾತು ಎಲ್ಲಿಗೆ ಮುಗಿಯುವುದೆಂಬುದೇ ವಿವಾದವಾಗುವುದುಂಟು. 1983ರ ಜುಲೈ 24ರಂದು ಜಾರ್ಜ್ ಬ್ರೆಟ್‌ನ ದಾಂಡಿಗೆ ಹಿಡಿತಕ್ಕಾಗಿ ಬಳಿದ ಪೈನ್ ಮರದ ಟಾರು 18 ಅಂಗುಲದ ಮಿತಿಯನ್ನು ಮೀರಿತ್ತೆಂದು ಅಂಪೈರರು ಅವನ ಹೋಮ್ ರನ್ನನ್ನು ರದ್ದುಗೊಳಿಸಿದರು. ಲೀಗಿನ ಅಧ್ಯಕ್ಷ ಲೀ ಮ್ಯಾಕ್‌ಫೇಲ್ ನಿಯಮದ ಆಶಯವನ್ನು ಪರಾಮರ್ಶಿಸಿ ಆ ತೀರ್ಪನ್ನು ತಿರುಗಿಸಿದರು. ಆಗಸ್ಟ್ 18ರಂದು ಪಂದ್ಯದ ಉಳಿದ ಭಾಗ ನಡೆಯಿತು.

ಬಸದಿಗಳ ಟ್ರಸ್ಟ್ ಪತ್ರಗಳೂ ಹೀಗೆ ಮೌನವಹಿಸುವುದುಂಟು. ನಿತ್ಯಪೂಜೆಗೆಂದು ಬಿಟ್ಟ ದತ್ತಿಯ ಆದಾಯ ಪೂಜೆಯ ವೆಚ್ಚವನ್ನು ಮೀರಿದರೆ ಉಳಿಕೆಯ ಹಣ ಯಾವುದಕ್ಕೆ ಸಲ್ಲಬೇಕು? ವಿಶ್ವಸ್ತರು ಸಭೆಯನ್ನು ಮುಂದೂಡಬಹುದು, ವಕೀಲರನ್ನು ಕೇಳಬಹುದು. ಅಂಪೈರರಿಗೆ ಆ ಅವಕಾಶವಿಲ್ಲ. ಆದರೆ ಮೈದಾನದಲ್ಲಿರುವ ಎರಡು ತಂಡಗಳಲ್ಲಿ ಯಾವುದೂ ಅಂಪೈರರದಲ್ಲ. ವಿಶ್ವಸ್ತರಾದರೋ ಬಹುಪಾಲು ಅದೇ ಊರಿನವರು, ಅದೇ ಮನೆತನಗಳವರು. ಪತ್ರವು ಮೌನವಾಗಿದೆಯೆಂದು ಸಭೆಯಲ್ಲಿ ಹೇಳುವವನಿಗೆ ಆ ಮೌನದಿಂದ ಪ್ರಯೋಜನವಿದ್ದರೆ, ನಿರ್ಣಯದ ಹೊತ್ತಿಗೆ ಅವನು ಎದ್ದು ಹೊರಗೆ ಕೂರುವುದು ಉಚಿತ. ಉಳಿದವರು ಕೈಗೊಂಡ ನಿರ್ಣಯವನ್ನು ಕಾರಣಸಹಿತವಾಗಿ ನಡವಳಿ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಬರುವ ವಿಶ್ವಸ್ತರಿಗೆ ಅದನ್ನು ಅನುಸರಿಸಲೂ ಬಹುದು, ವೆಂಡಿಟ್ ಪ್ರಸಂಗದಲ್ಲಾದಂತೆ ತಿದ್ದಲೂ ಬಹುದು.